ಕುದುರೆಗೆ ನಾನು ಮಾಡಿಸಿದ ಉಪವಾಸ

ಜೀನ್ಸ್ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುತ್ತಾ ಕೂತಿದ್ದೆ. ಕೆರೆಯ ಕಡೆ ಕುರಿ ಬಿಟ್ಟು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಅಕ್ಕಾ, ನಿಮ್ಮ ಕುದ್ರಿ ಬಿದ್ದು ಹೊರಳಾಡಕತ್ತೈತ್ರಿ. ಹೊಟ್ಟಿ ಕಡೆ ತಿರುಗಿ ತಿರುಗಿ ನೋಡತೈತಿ," ಎಂದಳು. ಕತ್ತರಿ ಕೆಳಗಿಟ್ಟೆ. ಯಾಕೆಂದು ನನಗೆ ಆಗಲೇ ಹೊಳೆದಿತ್ತು.

ಮಾವನವರ ಕಾಲದಿಂದ ನಮ್ಮದು ಮದುವೆ ಮೆರವಣಿಗೆಯ ಕುದುರೆ ಸಾಕುವ ಮನೆ. ಈಗಿನ ಹೆಣ್ಣು ಕುದುರೆ ಕೆರೆಯಂಗಳದಲ್ಲಿ ಮೇಯುತ್ತದೆ, ಅಲ್ಲೇ ಲದ್ದಿ ಹಾಕುತ್ತದೆ. ಹೊಟ್ಟೆಯಲ್ಲಿ ಜಂತುಹುಳ ತುಂಬಿತ್ತು. ತೂಕ ತಿಳಿದೇ ಔಷಧಿ ಕೊಡಬೇಕೆಂದು ಪಶುವೈದ್ಯರು ಹೇಳಿದಾಗ, ದರ್ಜಿಯಾದ ನನ್ನ ಗಂಡ ಅಂಗಡಿಯ ಎರಡು ಟೇಪುಗಳನ್ನು ಪಿನ್ನಿನಿಂದ ಸೇರಿಸಿ ಅದರ ಎದೆಸುತ್ತು ಅಳೆದರು. ಡಾಕ್ಟರು ಅದರಿಂದ ತೂಕ ಲೆಕ್ಕ ಹಾಕಿ ಔಷಧಿ ಕೊಟ್ಟರು. ತಪ್ಪು ಅವರಿಬ್ಬರದೂ ಅಲ್ಲ.

ಚಿಕ್ಕವರಿದ್ದಾಗ ನಮಗೆ ಹುಳಕ್ಕೆ ಹರಳೆಣ್ಣೆ ಕುಡಿಸುವ ಹಿಂದಿನ ದಿನ ಅವ್ವ ರಾತ್ರಿಯೂಟ ಕೊಡುತ್ತಿರಲಿಲ್ಲ. ನನ್ನ ತಲೆಯಲ್ಲಿ ಅದೇ. ಯಾರಿಗೂ ಹೇಳದೆ ಹಿಂದಿನ ಸಂಜೆಯಿಂದ ಕುದುರೆಗೆ ಮೇವು ಹಾಕಿರಲಿಲ್ಲ. ಬೆಳಿಗ್ಗೆ ಗಂಡ ಅದರ ಬಾಯಿಗೆ ಔಷಧಿ ಹಾಕಿ ಅಂಗಡಿಗೆ ಹೋದರು. ಪಾಪವೆನಿಸಿ ನಾನೇ ಹಸಿಹುಲ್ಲಿಗೆ ಬಿಟ್ಟು ಬಂದೆ. ಹಸಿದ ಪ್ರಾಣಿ ಗಬಗಬ ತಿಂದಿತ್ತು.

ಡಾಕ್ಟರು ಊರಲ್ಲೇ ಇದ್ದದ್ದು ದೇವರ ದಯೆ. ಅಂಗಡಿಗೆ ಫೋನು ಮಾಡಿ ನಾನು ಕೆರೆಗೆ ಓಡಿ ಮುಟ್ಟುವಷ್ಟರಲ್ಲಿ ಗಂಡ ಅವರನ್ನು ಕರೆತಂದಿದ್ದರು.

"ನನ್ನ ಅಳತಿ ತಪ್ಪಿತೇನ್ರಿ ಸಾರ್? ಔಷಧ ಹೆಚ್ಚಾತೇನು?" ಗಂಡ ಕೇಳಿದರು.

ಸುಮ್ಮನಿರಬಹುದಿತ್ತು. ಕುದುರೆ ಮತ್ತೆ ಕಾಲು ಝಾಡಿಸಿತು.

"ಅಳತಿ ಸರಿ ಐತ್ರಿ. ನಾನು ರಾತ್ರಿ ಅದನ್ನ ಉಪವಾಸ ಕೆಡವಿ, ಮುಂಜಾನೆ ಹಸಿಹುಲ್ಲಿಗೆ ಬಿಟ್ಟೆ," ಎಂದೆ.

"ಕುದುರೆಗೆ ಏಕಾದಶಿ ಮಾಡಿಸಿದ್ರಾ ಅಮ್ಮಾ?" ಡಾಕ್ಟರು ನಗಲಿಲ್ಲ. ನೋವಿಗೆ ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಬಿಟ್ಟರು. "ನಡೆಸ್ತಾ ಇರಿ. ಲದ್ದಿ ಹಾಕಿದ್ರೆ ಉಳೀತು ಅಂತ, ಅಲ್ಲಿವರೆಗೂ ಏನೂ ಹೇಳೋಕಾಗಲ್ಲ."

ಸರದಿಯ ಮೇಲೆ ನಡೆಸಿದೆವು. ಪ್ರತಿ ಸುತ್ತಿಗೂ ಬಾಲದ ಕಡೆಯೇ ನನ್ನ ಕಣ್ಣು. "ದೇವರ ಹೆಸರಿಗೆ ನಿನಗ ಉಪವಾಸ, ನಿನ್ನ ಹೆಸರಿಗೆ ಕುದ್ರಿಗೆ ಉಪವಾಸ. ನಾನೊಬ್ಬ ಉಳದೀನಿ," ಎಂದರು ಗಂಡ. ಬೈಯಲಿಲ್ಲ, ಅಷ್ಟಾದರೂ ಸಮಾಧಾನ.

ಬಿಸಿಲು ಇಳಿಯುವ ಹೊತ್ತಿಗೆ ಲದ್ದಿ ಬಿತ್ತು, ಬಿಳಿ ಹುಳಗಳ ಸಮೇತ. ಕೈ ಮುಗಿದೆ. ಅಲ್ಲೇ ಬಿಟ್ಟರೆ ಹುಲ್ಲಿನ ಜೊತೆ ಮತ್ತೆ ಹುಳ ಸೇರುತ್ತದೆಂದು ಡಾಕ್ಟರು ಹೇಳಿದ್ದರಿಂದ ಚೂರೂ ಉಳಿಸದೆ ಬುಟ್ಟಿಗೆ ಬಳಿದು ದೂರದ ಗುಂಡಿಗೆ ಹಾಕಿದೆ. ಫೋನು ಮಾಡಿದಾಗ ಅವರು, "ಇವತ್ತು ಕಾಳು ಬೇಡ, ಒಣಹುಲ್ಲು ಸ್ವಲ್ಪ ಸ್ವಲ್ಪ. ನಾಳೆ ಬೆಳಿಗ್ಗೆ ಬಂದು ನೋಡ್ತೀನಿ," ಎಂದರು. ಬೆಳಗಾಗುವವರೆಗೆ ಭಯ ಹೋಗುವಂತಿರಲಿಲ್ಲ.

ಮನೆಯಲ್ಲಿ ಕುದುರೆಗೆಂದು ಬೆಳಿಗ್ಗೆ ನೆನೆಹಾಕಿದ್ದ ಹುರುಳಿ ಪಾತ್ರೆಯ ಅಂಚಿನವರೆಗೆ ಉಬ್ಬಿತ್ತು. ತೊಳೆದು ನಮ್ಮ ಸಾರಿಗೆ ಒಲೆಯ ಮೇಲಿಟ್ಟೆ.