ಕುಕ್ಕರ್ ಗುರುತಿನ ಭಾಯಿ

ಅವರ ಬಿಳಿ ಕುರ್ತಾದ ಬಲ ತೋಳಿನ ಅಂಚಿನಲ್ಲಿ ಯಾವಾಗಲೂ ಒಂದು ಅರಿಶಿನದ ಕಲೆ ಇರುತ್ತಿತ್ತು. ಯಾವ ಮನೆಗೆ ಹೋದರೂ ಒಂದು ತುತ್ತು ತಿನ್ನದೆ ಏಳುತ್ತಿರಲಿಲ್ಲ. ತೋಳು ಮಡಚಿಕೊಳ್ಳುವುದು ಮಾತ್ರ ನೆನಪಾಗುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಟೇಬಲ್ ಮ್ಯಾನರ್ಸ್ ಕಲಿತು ಬಂದ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ವಡೋದರಾದಲ್ಲಿ ನಮ್ಮ ಭಾಗದ ಎಂಎಲ್‌ಎ ಅವರು, ಯಾವ ಪಾರ್ಟಿಗೂ ಸೇರದ ಇಂಡಿಪೆಂಡೆಂಟ್. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎಲ್ಲರಿಗೂ ಬರೀ ಭಾಯಿ. ಅವರಿಗೆ ಹೆಂಗಸರೆಲ್ಲ 'ಬೆನ್', ಅಂದರೆ ಅಕ್ಕ.

ಮೊದಲ ಚುನಾವಣೆಯಲ್ಲಿ ಸಿಕ್ಕಿದ ಗುರುತು ಪ್ರೆಶರ್ ಕುಕ್ಕರ್. ಮೈಕಿಲ್ಲ, ಜೀಪಿಲ್ಲ. ಅಡುಗೆಯ ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಳಗೆ ಸೀಟಿ ಕೂಗಿದ ಕೂಡಲೇ, "ಬೆನ್, ನನ್ನ ಭಾಷಣ ಮುಗಿಯಿತು," ಎಂದು ನಗುತ್ತಿದ್ದರು. ಹೆಂಗಸರೇ ಗೆಲ್ಲಿಸಿದರು. ಆಮೇಲೂ ಅಸೆಂಬ್ಲಿಗೆಂದು ಗಾಂಧಿನಗರಕ್ಕೆ ಸರ್ಕಾರಿ ಎಸ್‌ಟಿ ಬಸ್ಸಿನಲ್ಲೇ ಓಡಾಟ. ನಮ್ಮ ನಲ್ಲಿಯಲ್ಲಿ ಕೆಂಪು ನೀರು ಬಂದಾಗ ಅದನ್ನೊಂದು ಬಾಟಲಿಗೆ ತುಂಬಿಸಿ ಒಯ್ದು, ಇಂಜಿನಿಯರರ ಮೇಜಿನ ಮೇಲಿಟ್ಟು, ಮೊದಲು ನೀವು ಕುಡಿಯಿರಿ, ನಾನು ಕಾಯುತ್ತೇನೆ ಎಂದರಂತೆ. ಹೊಸ ಪೈಪು ಬಂತು.

ನನ್ನ ಅತ್ತೆಗೆ ಅವರೆಂದರೆ ಪ್ರಾಣ. ನನ್ನವರ ಬ್ಯಾಂಕ್ ಟ್ರಾನ್ಸ್‌ಫರಿನ ಹಿಂದೆ ಉಡುಪಿ ಬಿಟ್ಟು ಬಂದವರು. ಗುಜರಾತಿ ಓದಲು ಬಾರದು, ಆಡಲು ನಾಲ್ಕು ಮಾತು. ಭಾಯಿ ಅತ್ತೆಯನ್ನು 'ಬಾ' ಎನ್ನುತ್ತಿದ್ದರು, ಗುಜರಾತಿಯಲ್ಲಿ ಅಮ್ಮ ಎಂದು. ನೀರುದೋಸೆಯ ಮುಂದೆ ಇಬ್ಬರಿಗೂ ಮಾತೇ ಮಾತು, ನಡುವೆ ನಾನು ಇಂಟರ್‌ಪ್ರಿಟರ್.

ಎರಡನೇ ಚುನಾವಣೆಗೆ ಯಾವುದೋ ಹೊಸ ಪುಟ್ಟ ಪಾರ್ಟಿ ಕುಕ್ಕರ್ ಕೇಳಿತು. ಪಾರ್ಟಿ ಕೇಳಿದರೆ ಅದಕ್ಕೇ ಫಸ್ಟ್ ಚಾನ್ಸ್. ಭಾಯಿಗೆ ಸಿಕ್ಕಿದ್ದು ಸೀಲಿಂಗ್ ಫ್ಯಾನ್. ಐದು ವರ್ಷ ಜನರ ಮನಸ್ಸಿನಲ್ಲಿ ಕೂತ ಕುಕ್ಕರನ್ನು ಕೆಲವೇ ದಿನಗಳಲ್ಲಿ ಇಳಿಸಬೇಕು, ಇಲ್ಲವಾದರೆ ಸೀಟು ಹೋದಂತೆಯೇ. ಮನೆಮನೆಗೆ ಹೋಗಿ ತಲೆಯ ಮೇಲೆ ಬೆರಳು ತಿರುಗಿಸಿ ತೋರಿಸಿದರು. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು.

ವೋಟಿನ ದಿನ ಭಾಯಿ ಶಾಲೆಯ ಗೇಟಿನಿಂದ ದೂರ, ಬೇವಿನ ಮರದಡಿ ನಿಂತಿದ್ದರು. ಅತ್ತೆ ಶಾಯಿಯ ಬೆರಳೆತ್ತಿಕೊಂಡು ನೇರ ಅಲ್ಲಿಗೇ ನಡೆದರು. "ತಮಾರು ಕುಕ್ಕರ್," ಎಂದರು ಹೆಮ್ಮೆಯಿಂದ, ನಿಮ್ಮ ಕುಕ್ಕರಿಗೇ ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾಯಿ ಕಣ್ಣಲ್ಲೇ ತಡೆದರು. ಬಗ್ಗಿ ಅತ್ತೆಯ ಕಾಲು ಮುಟ್ಟಿ, ಇನ್ನು ನನಗೇನು ಭಯ ಎಂದರು. ಆಮೇಲೆ ನನಗೆ ಮೆಲ್ಲನೆ, "ಅವರಿಗೆ ಯಾವತ್ತೂ ಹೇಳಬೇಡಿ, ಬೆನ್."

ಸೋತರು. ಕುಕ್ಕರಿಗೆ ಬಿದ್ದ ವೋಟುಗಳಲ್ಲೇ ಅವರ ಸೀಟು ಹೋಗಿತ್ತು. ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ನೀರುದೋಸೆಗೆ ಬರುವುದನ್ನು ಬಿಡಲೂ ಇಲ್ಲ. ಬಂದಾಗಲೆಲ್ಲ ಅತ್ತೆಯದು ಒಂದೇ ಪ್ರಶ್ನೆ: "ನೀನು ಸೋಲಲಿಕ್ಕೆ ಹೇಗೆ ಸಾಧ್ಯ ಮಾರಾಯ? ನಾನೇ ಕುಕ್ಕರಿಗೆ ಒತ್ತಿ ಬಂದದ್ದುಂಟಲ್ಲ. ಆ ಮೆಷಿನೇ ಸರಿ ಇಲ್ಲ." ನಾನು ಗುಜರಾತಿಗೆ ತಿರುಗಿಸುತ್ತಿದ್ದೆ. ಅವರು ಬಹಳ ಸೀರಿಯಸ್ಸಾಗಿ ಒಪ್ಪಿ, ಇನ್ನೊಂದು ದೋಸೆ ಹಾಕಿಸಿಕೊಳ್ಳುತ್ತಿದ್ದರು. ಅತ್ತೆ ಅದೇ ನಂಬಿಕೆಯಲ್ಲಿ ಕಣ್ಣು ಮುಚ್ಚಿದರು.

ಈ ಚಳಿಗಾಲ ಭಾಯಿಯೂ ಹೋದರು. ಇಲ್ಲಿ ಸತ್ತವರ ಮನೆಯವರ ಜೊತೆ ಬಿಳಿ ಬಟ್ಟೆಯಲ್ಲಿ ಸುಮ್ಮನೆ ಕೂತು ಬರುವ ಪದ್ಧತಿಯಿದೆ, ಬೇಸ್ಣು ಎಂದು. ಹೋಗಿ ಕೂತೆ. ಹಾರ ಹಾಕಿದ ಫೋಟೋದಲ್ಲಿ ತೋಳಿನ ಕಲೆಯನ್ನು ಸ್ಟುಡಿಯೋದವನು ಅಳಿಸಿಬಿಟ್ಟಿದ್ದ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. ಸೋತ ದಿನ ಭಾಯಿ ಮನೆಗೆ ಬಂದು ಹೇಳಿದ್ದರಂತೆ, ಯಾರು ಕೈಬಿಟ್ಟರೂ ಆ ಉಡುಪಿ ಅಮ್ಮನ ವೋಟು ಪಕ್ಕಾ ನನ್ನದೇ ಎಂದು.

"ಹೌದೇ, ಬೆನ್?"

"ಹೌದು," ಎಂದೆ. "ನಾನೇ ಜೊತೆಗಿದ್ದೆ. ಪಕ್ಕಾ."