ಸಿಂಪಿಗ ಬಂತೆಂದು ಎರಡು ಪೆಟ್ಟು

ಠಕ್ ಠಕ್ ಠಕ್ ಅಂತ ಬೆಳಗಿನಿಂದ ನಡೆದ ಸಪ್ಪಳ ಒಮ್ಮೆಲೇ ನಿಲ್ಲುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಬಿಟ್ಟು, ಮೆಲ್ಲಗೆ ಎರಡೇ ಪೆಟ್ಟು. ಪಕ್ಕದ ಮನೆಯ ಆಪಾ ಜಮಖಾನ ನೇಯುವಾಗ ಎಳೆಗಳನ್ನು ಒತ್ತಾಗಿ ಕೂಡಿಸಲು ಬಡಿಯುವ ಕಬ್ಬಿಣದ ಪಂಜಾದ ಸಪ್ಪಳ ಅದು. ಎರಡು ಪೆಟ್ಟು ಅಂದರೆ, ಹಕ್ಕಿ ಬಂದೈತಿ, ಬರ್ರಿ ಅಂತ. ಒಲೆಯ ಮೇಲಿನ ಹಾಲನ್ನೂ ಮರೆತು, ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ನಾನು ಹಿತ್ತಲಿಗೆ ಓಡುತ್ತಿದ್ದೆ. ಓಡುತ್ತಿದ್ದೆ ಅನ್ನುವುದು ಸ್ವಲ್ಪ ಎಗ್ಸಾಜರೇಶನ್. ಅರವತ್ತೆಂಟರ ಮೊಣಕಾಲು ಎಷ್ಟು ಓಡೀತು?

ಇಂಗ್ಲಿಷ್ ಟೀಚರಾಗಿ ಕೊನೆಗೆ ಬಂದು ಸೇರಿದ್ದು ನವಲಗುಂದಕ್ಕೆ. ರಿಟೈರ್ ಆದಮೇಲೆ ಇಲ್ಲೇ ಉಳಿದೆ. ಮದುವೆ ಆಗಲಿಲ್ಲ, ಹೋಗಬೇಕಾದ ಇನ್ನೊಂದು ಊರೂ ಇರಲಿಲ್ಲ. ಚಿಕ್ಕವಳಿದ್ದಾಗ ಕಾನ್ವೆಂಟಿನ ಸಿಸ್ಟರ್ ಒಬ್ಬರು ಶನಿವಾರಕ್ಕೊಮ್ಮೆ ನೇಚರ್ ವಾಕ್ ಕರೆದೊಯ್ದು, ಅಲುಗಾಡದೆ ನಿಲ್ಲುವುದನ್ನು ಕಲಿಸಿದ್ದರು. ಆ ವಿದ್ಯೆ ಮುಪ್ಪಿನಲ್ಲಿ ಉಪಯೋಗಕ್ಕೆ ಬಂತು. ಎಷ್ಟೋ ದಿನ ಬೆಳಗಿನಿಂದ ಸಂಜೆತನಕ ನಾನು ಮಾತಾಡಿದ್ದು ಹಾಲಿನವನ ಜೊತೆ ಮಾತ್ರ.

ಹಿತ್ತಲಲ್ಲಿ ಒಂದು ಪೇರಲ ಗಿಡ, ಒಂದು ದಾಸವಾಳ, ಗೋಡೆಗೆ ಹಬ್ಬಿದ ತೊಂಡೆಬಳ್ಳಿ. ಸುತ್ತ ಎರೆಹೊಲ, ಗಿಡಮರ ಕಡಿಮೆ. ಹಾಗಾಗಿ ಇಷ್ಟು ಹಸಿರಿಗೇ ಸಣ್ಣ ಹಕ್ಕಿಗಳು ಬರುತ್ತಿದ್ದವು. ಎಲ್ಲಕ್ಕಿಂತ ಸತಾಯಿಸಿದ್ದು ಸಿಂಪಿಗ. ಹೆಬ್ಬೆರಳಿಗಿಂತ ತುಸು ದೊಡ್ಡದು, ದನಿ ಮಾತ್ರ ಇಡೀ ಓಣಿಗೆ ಕೇಳುವಷ್ಟು. ದನಿ ಇಲ್ಲಿ ಅಂತ ನೋಡಿದರೆ ಅಲುಗುವ ಎಲೆ ಅಲ್ಲಿ. ಎರಡು ಎಲೆ ಕೂಡಿಸಿ ಹೊಲಿದು ಗೂಡು ಮಾಡುತ್ತದೆ ಅಂತ ನಾನು ಹೇಳಿದಾಗ ಆಪಾ ಗೋಡೆಯ ಆಚೆಯಿಂದ ನಕ್ಕಳು.

"ನಾ ನೇಯಾಕಿ, ಅದು ದರ್ಜಿ. ಅರವಿ ಕೆಲಸದವ್ರು ನಾವಿಬ್ರು ಆದ್ವಿ. ನಡುವ ನಿಮ್ಮದೇನ ಕೆಲಸ್ರಿ ಅಕ್ಕಾರ?"

"ಇನ್‌ಸ್ಪೆಕ್ಷನ್ ಮಾಡೂದು," ಅಂದೆ.

"ಮಾಡ್ರಿ ಮಾಡ್ರಿ. ನಾ ನೇಯೋದು ನವಿಲು, ನಿಮಗ ಬೇಕಾಗಿದ್ದು ನಾಕ ಎಳಿನಾಗ ಮುಗಿಯೋವಂಥಾ ಹಕ್ಕಿ."

ಸಿಂಪಿಗ ಮಗ್ಗದ ಸಪ್ಪಳಕ್ಕೆ ಹೆದರುತ್ತಿರಲಿಲ್ಲ. ಆಪಾನ ಕಿಟಕಿಯಲ್ಲಿ ನೂಲಿನ ಚೂರುಗಳ ಬುಟ್ಟಿ ಇರುತ್ತಿತ್ತು. ಅಲ್ಲಿಂದ ಒಂದು ಎಳೆ ಕಚ್ಚಿಕೊಂಡು ನನ್ನ ಪೇರಲ ಗಿಡಕ್ಕೆ ಬರುತ್ತಿತ್ತು. ಹಕ್ಕಿ ಅವಳ ಕಿಟಕಿಯಿಂದ ಹೊರಟಾಗ ಅವಳು ಎರಡು ಪೆಟ್ಟು ಹಾಕುವಳು, ನನ್ನ ಕಡೆ ನಾನು ಕಾಯುವೆ. ನಾಲ್ಕು ವರ್ಷ ಹೀಗೆ ನಡೆಯಿತು. ಆದರೂ ಅವಳ ಮಗ್ಗ ನಾನು ನೋಡಿರಲಿಲ್ಲ. ಚಹಾಕ್ಕೆ ಕರೆದರೆ ಅಡಿಗೆಮನೆವರೆಗೆ ಅಷ್ಟೇ. ಆ ಮನೆಯ ನೇಯ್ಗೆ ಸೊಸೆಗೆ ಕಲಿಸುತ್ತಾರೆ, ಮಗಳಿಗೂ ಇಲ್ಲ. ಮಗಳು ಕೊಟ್ಟ ಮನೆಗೆ ಒಯ್ದುಬಿಡುತ್ತಾಳೆ ಅಂತ. ಆಪಾ ತನ್ನ ಒಬ್ಬಳೇ ಮಗಳಿಗೆ ಕಲಿಸಿರಲಿಲ್ಲ. ಹಾಗಿದ್ದಮೇಲೆ ನಾನ್ಯಾರು?

ಒಂದು ಬೆಳಿಗ್ಗೆ ಎರಡು ಪೆಟ್ಟಿನ ಮೇಲೆ ಮತ್ತೆ ಎರಡು ಪೆಟ್ಟು ಬಿತ್ತು. ಹಿತ್ತಲ ಬಾಗಿಲಲ್ಲಿ ನಿಂತು ಆಪಾ ತುಟಿಯ ಮೇಲೆ ಬೆರಳಿಟ್ಟು ಒಳಗೆ ಕರೆದಳು. ಚಪ್ಪಲಿ ಬಿಟ್ಟು ಹೋದೆ. ನೆಟ್ಟಗೆ ನಿಂತ ಮಗ್ಗ, ಅರ್ಧ ನೇಯ್ದ ಕೆಂಪು ಜಮಖಾನ, ಅದರ ಮೇಲಿನ ಅಡ್ಡಗೋಲಿನ ಮೇಲೆ ನನ್ನ ಸಿಂಪಿಗ, ಬಾಯಲ್ಲಿ ಕೆಂಪು ಎಳೆ. ನಾಲ್ಕು ವರ್ಷದಲ್ಲಿ ಅಷ್ಟು ಹತ್ತಿರ, ಅಷ್ಟು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಫೋನ್ ತೆಗೆದು ಒಂದು ಫೋಟೋ ಹೊಡೆದೆ.

ಸಂಜೆ ಅದನ್ನು ಬರ್ಡ್ ವಾಚರ್ಸ್ ಗ್ರೂಪಿಗೆ ಹಾಕಿದೆ. ಯಾಕೆ ಅಂತ ಕೇಳಿದರೆ ಈಗಲೂ ಒಂದೇ ಉತ್ತರ: ಇಷ್ಟು ಜನ ಒಟ್ಟಿಗೆ ನನ್ನ ಜೊತೆ ಮಾತಾಡಿ ಬಹಳ ದಿನ ಆಗಿತ್ತು. ಒಬ್ಬರು ಬರೆದಿದ್ದರು, ವಾಟ್ ಅ ಬ್ಯೂಟಿಫುಲ್ ಬ್ಯಾಕ್‌ಗ್ರೌಂಡ್. ಥ್ಯಾಂಕ್ಯೂ ಅಂತ ಉತ್ತರಿಸಿದೆ, ನಾನೇ ನೇಯ್ದಂತೆ.

ಫೋಟೋ ಫೋನಿನಿಂದ ಫೋನಿಗೆ ಹೋಗಿ ಎಂಟು ದಿನದಲ್ಲಿ ಆಪಾನ ಸೊಸೆಯ ಫೋನಿಗೇ ಬಂತು. ಹಕ್ಕಿಯ ಹಿಂದೆ ಕಾಣುತ್ತಿದ್ದ ಜಮಖಾನದ ಅಂಚಿನ ನಮೂನೆ ಆಪಾನ ಅತ್ತೆ ಅವಳಿಗೆ ಕಲಿಸಿಕೊಟ್ಟಿದ್ದಂತೆ. ಬೇರೆ ಯಾರ ಮಗ್ಗದಲ್ಲೂ ಇಲ್ಲದ್ದು.

ಆಪಾ ಜಗಳಕ್ಕೆ ಬರಲಿಲ್ಲ. ಗೋಡೆಯ ಹತ್ತಿರ ನಿಂತು, "ನೀವು ಹಕ್ಕೀದ ಫೋಟೋ ತಗದೀರಿ ಅಂತ ತಿಳದಿದ್ದೆ," ಅಂದಳು.

"ಹಕ್ಕೀದ ತಗದೆ ಆಪಾ. ಸಾರಿ. ಈಗ ಡಿಲೀಟ್ ಮಾಡ್ತೀನಿ."

"ಮಂದಿ ಕಂಡಿದ್ದು ಹೆಂಗ ಡಿಲೀಟ್ ಆಕ್ಕೈತ್ರಿ? ಮಗಳಿಗೆ ತೋರಿಸಲಾರದ್ದು ನಿಮಗ ತೋರಿಸಿದ್ದೆ."

ಮರುದಿನ ಕಿಟಕಿಗೆ ಪರದೆ ಬಿತ್ತು, ಬುಟ್ಟಿ ಒಳಗೆ ಹೋಯಿತು. ಠಕ್ ಠಕ್ ಮಾತ್ರ ನಡೆದೇ ಇತ್ತು. ನಾನು ಕೈಯಲ್ಲಿನ ಕೆಲಸ ಬಿಟ್ಟು ಅದು ನಿಲ್ಲುವುದನ್ನು ಕಾಯುತ್ತಿದ್ದೆ. ಊಟಕ್ಕೆ ನಿಲ್ಲುತ್ತಿತ್ತು, ನಮಾಜಿಗೆ ನಿಲ್ಲುತ್ತಿತ್ತು, ಆಮೇಲೆ ಎರಡು ಪೆಟ್ಟು ಬೀಳುತ್ತಿರಲಿಲ್ಲ. ಆ ಮಳೆಗಾಲ ಪೇರಲ ಗಿಡದಲ್ಲಿ ಗೂಡು ಸಿಕ್ಕಿತು. ಎರಡು ಎಲೆಯ ಅಂಚಿಗೆ ಕೆಂಪು ನೂಲಿನ ಹೊಲಿಗೆ. ತೋರಿಸಬೇಕಾದ ಮನುಷ್ಯಳು ಗೋಡೆಯ ಆಚೆ ಹತ್ತು ಹೆಜ್ಜೆಯಲ್ಲಿದ್ದಳು. ಮೂರು ಸಲ ಗೋಡೆತನಕ ಹೋಗಿ ವಾಪಸ್ ಬಂದೆ. ಇಂಗ್ಲಿಷಿನಲ್ಲಿ ಸಾರಿ ಅನ್ನುವುದು ಬಹಳ ಸಸ್ತಾ ಆಗಿಬಿಟ್ಟಿದೆ. ಅದಕ್ಕಿಂತ ತೂಕದ ಮಾತು ನನ್ನ ಬಾಯಿಗೆ ಬರಲಿಲ್ಲ. ಮರಿ ಹಾರಿಹೋದವು. ಗೂಡು ಗಾಳಿಗೆ ಬಿತ್ತು. ಎತ್ತಿ ಪುಸ್ತಕದ ಕಪಾಟಿನಲ್ಲಿ ಇಟ್ಟೆ.

ಮುಂದಿನ ಬೇಸಿಗೆಯಲ್ಲಿ ಆಪಾನ ಬೆನ್ನು ನೋವು ಜಾಸ್ತಿಯಾಯಿತು, ಮಗ್ಗದ ಮುಂದೆ ಕೂಡಲು ಆಗುತ್ತಿಲ್ಲ ಅಂತ ಕೇಳಿದೆ. ಸಪ್ಪಳ ನಿಂತೇಹೋಯಿತು. ಮಗಳ ಊರು ಅಳ್ನಾವರ, ಅಲ್ಲಿಗೆ ಹೋಗುತ್ತಾಳೆ ಅಂತ ಹೇಳಿದವನು ಹಾಲಿನವನು.

ಹೊರಡುವ ದಿನ ಬೆಳಿಗ್ಗೆ ಓಣಿಯಲ್ಲಿ ಟೆಂಪೋ ನಿಂತಿತ್ತು. ನಾನು ಒಳಗೇ ಕೂತಿದ್ದೆ. ಆಗ ಕೇಳಿತು, ಕಲ್ಲಿನ ಗೋಡೆಗೆ ಕಬ್ಬಿಣದ ಎರಡು ಪೆಟ್ಟು.

ಆಪಾ ಬುರ್ಖಾ ಹಾಕಿಕೊಂಡು ಗೋಡೆಯ ಆಚೆ ನಿಂತಿದ್ದಳು. ಕೈಯಲ್ಲಿ ಪಂಜಾ.

"ಫೋನ್ ತಂದಿಲ್ಲೇನ್ರಿ?"

"ಇಲ್ಲ ಆಪಾ."

"ಹಂಗಾರ ನೋಡ್ರಿ," ಅಂತ ಪೇರಲ ಗಿಡದ ಕಡೆ ಬೆರಳು ತೋರಿಸಿದಳು.

ತಿರುಗಿ ನೋಡಿದೆ. ಒಂದು ಎಲೆ ಅಲುಗುತ್ತಿತ್ತು. ಇನ್ನೇನು ಕಂಡೀತು ಅಂತ ಅಲುಗಾಡದೆ ನಿಂತೆ, ಸಿಸ್ಟರ್ ಕಲಿಸಿದಂತೆ. ಹಕ್ಕಿ ಹೊರಬರಲಿಲ್ಲ. "ಎಲ್ಲೈತ್ರಿ ಆಪಾ?" ಅಂತ ಈ ಕಡೆ ತಿರುಗಿದರೆ ಗೋಡೆಯ ಹತ್ತಿರ ಯಾರೂ ಇಲ್ಲ. ಮುಂಬಾಗಿಲಿಗೆ ಬರುವಷ್ಟರಲ್ಲಿ ಅವಳು ಪಂಜಾ ಸೊಸೆಯ ಕೈಗೆ ಕೊಟ್ಟು, ಸೊಸೆಯ ಹೆಗಲು ಹಿಡಿದು ಟೆಂಪೋ ಹತ್ತುತ್ತಿದ್ದಳು. ಬೆನ್ನು ನೋವಿಗೆ ಸೊಂಟದ ಮೇಲೆ ಒಂದು ಕೈ. ನನಗೆ ಕಂಡದ್ದು ಆ ಬೆನ್ನು, ಆ ಕೈ, ಅಷ್ಟೇ.