ನಂಟಿದ್ದವರು ಹೊರಗೆ

ಸೇಂಟ್ ಜಾನ್ಸ್ ಊರಿನ ಬಂದರಿನ ಹತ್ತಿರ, ಕರಿದ ಮೀನು ಮಾರುವ ಅಂಗಡಿಯೊಂದರ ಮಹಡಿಯ ಮೇಲೆ, ನಮ್ಮ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಒಂದು ಸಣ್ಣ ಮಂಡಳಿಯ ಕಚೇರಿಯಿದೆ. ಹಲ್ಲುಸೆಟ್ಟು ಮಾಡುವವರು, ಕನ್ನಡಕ ಕೂರಿಸುವವರು, ಕಿವಿಗೆ ಯಂತ್ರ ಸಿಕ್ಕಿಸುವವರು, ಇವರಿಗೆಲ್ಲ ಲೈಸೆನ್ಸ್ ಕೊಡುವುದು, ದೂರು ಬಂದರೆ ವಿಚಾರಿಸುವುದು, ಮಿತಿ ಮೀರಿದರೆ ಕೊಟ್ಟ ಲೈಸೆನ್ಸನ್ನು ಕಿತ್ತುಕೊಳ್ಳುವುದು ಅದರ ಕೆಲಸ. ಸರ್ಕಾರ ಇಟ್ಟಿರುವ ಹೆಸರು ಮಾರುದ್ದ ಇದೆ, ಅದನ್ನು ಉಸಿರು ಬಿಗಿಹಿಡಿದು ಹೇಳುವ ಪುಣ್ಯಾತ್ಮರು ಯಾರೂ ಇಲ್ಲ. ಜನ ಅದನ್ನು 'ಬಾಯಿ-ಕಣ್ಣು-ಕಿವಿ' ಅನ್ನುತ್ತಾರೆ. ಪೋಸ್ಟಿನವನೂ ಹಾಗೇ ಅನ್ನುತ್ತಾನೆ.

ಇಂಥ ಕಚೇರಿಗೂ ಮೇಲಧಿಕಾರಿಗಳು ನಾಲ್ವರು. ಎಲ್ಲರ ಮೇಲೆ ಫಿಲೊಮಿನಾ ಟೋಬಿನ್. ಅವಳು ನಕ್ಕರೆ ಕೆಳಗಿನ ಅಂಗಡಿಯವರು ಬಾಣಲೆಯಿಂದ ಕಣ್ಣೆತ್ತಿ ಮೇಲೆ ನೋಡುತ್ತಾರೆ. ಕಾನೂನು ನೋಡಿಕೊಳ್ಳುವವನು ಸೆಲ್ಬಿ ಪೈಕ್, ಹುಟ್ಟುಹಬ್ಬದ ಕಾರ್ಡಿನಲ್ಲೂ ತಪ್ಪು ತಿದ್ದಿ ವಾಪಸ್ ಕೊಡುವ ಆಸಾಮಿ. ಲೈಸೆನ್ಸ್ ವಿಭಾಗ ಡಲ್ಸಿ ಎಂಬವಳದು. ದೂರುಗಳ ವಿಭಾಗ ಲೆಸ್ಯಾ ಹ್ರಿಟ್ಸಾಕ್‌ಳದು. ಮೊದಲ ಮೂವರೂ ಇಲ್ಲೇ ಹುಟ್ಟಿ, ಇಲ್ಲೇ ಬೆಳೆದವರು, ಒಬ್ಬರ ಅಜ್ಜನ ದೋಣಿಯಲ್ಲಿ ಇನ್ನೊಬ್ಬರ ಅಜ್ಜ ಮೀನು ಹಿಡಿದಿದ್ದ. ಲೆಸ್ಯಾ ಮಾತ್ರ ಹೊರಗಿನವಳು.

ನಮ್ಮಲ್ಲಿ 'ಹೊರಗಿನವರು' ಅಂದರೆ ಬೈಗುಳ ಅಲ್ಲ. ಆದರೆ ಒಮ್ಮೆ ಅಂಟಿತೆಂದರೆ ಸಾಯುವವರೆಗೆ ಬಿಡುವುದೂ ಇಲ್ಲ. ಲೆಸ್ಯಾ ಸಸ್ಕ್ಯಾಚೆವಾನ್‌ನ ಗೋಧಿ ಬಯಲಿನವಳು. ಗಂಡನಿಂದ ಬೇರೆಯಾದ ಮೇಲೆ ನಕಾಶೆ ಬಿಡಿಸಿ, ಅವನಿಂದ ಎಷ್ಟು ದೂರ ಹೋಗಲು ಸಾಧ್ಯವೋ ಅಷ್ಟು ದೂರದ ಕೆಲಸಕ್ಕೆ ಅರ್ಜಿ ಹಾಕಿದ್ದಳಂತೆ. ಇನ್ನೂ ಮುಂದೆ ಹೋಗಿದ್ದರೆ ಸಮುದ್ರಕ್ಕೇ ಬೀಳುತ್ತಿದ್ದಳು. ಬಂದು ಒಂಬತ್ತು ಚಳಿಗಾಲ ಕಳೆದರೂ ದಿನಸಿ ಅಂಗಡಿಯ ಮುದುಕಿ ಅವಳನ್ನು ಕಂಡಾಗಲೆಲ್ಲ "ನಮ್ಮೂರು ಹೇಗನ್ನಿಸ್ತಿದೆ ಬಂಗಾರ?" ಎಂದು ನಿನ್ನೆ ತಾನೇ ವಿಮಾನದಿಂದ ಇಳಿದವಳನ್ನು ಕೇಳುವಂತೆ ಕೇಳುತ್ತಿದ್ದಳು.

ಮಂಡಳಿಯಲ್ಲಿ ಒಂದು ಪದ್ಧತಿಯಿದೆ. ದೂರಿನ ಫೈಲು ಮೇಜಿನ ಮೇಲೆ ಬಂತೆಂದರೆ, ಅದನ್ನು ಬಿಚ್ಚುವ ಮೊದಲು ಫಿಲೊಮಿನಾ ಕೇಳುತ್ತಾಳೆ, "ಯಾರಿಗಾದ್ರೂ ನಂಟಿದೆಯೇನ್ರೋ?" ದೂರಿನಲ್ಲಿರುವ ಮನುಷ್ಯನ ಜೊತೆ ನೆಂಟಸ್ತಿಕೆ, ಗೆಳೆತನ, ಜಗಳ, ಏನೇ ಇದ್ದರೂ ಅವರವರೇ ಬಾಯಿಬಿಟ್ಟು ಹೇಳಬೇಕು. ಒಬ್ಬರ ಪರವಾಗಿ ಇನ್ನೊಬ್ಬರು ಹೇಳುವಂತಿಲ್ಲ. ಹೇಳಿದವರು ಎದ್ದು ಹೊರಗೆ ಹೋಗಬೇಕು. ನ್ಯಾಯವಾದ ಪದ್ಧತಿಯೇ, ದೊಡ್ಡ ಊರುಗಳಲ್ಲಿ ಸಲೀಸಾಗಿ ನಡೆಯುತ್ತದೆ. ನಮ್ಮ ದ್ವೀಪದಲ್ಲಿ ಯಾರ ಹೆಸರು ಎತ್ತಿದರೂ ಅರ್ಧ ಊರು ಅವನಿಗೆ ಸೋದರಸಂಬಂಧಿ! ಹಾಗಾಗಿ ಪ್ರತಿಸಲವೂ ಮೂವರೂ ತಮ್ಮ ತಮ್ಮ ಚಹಾದ ಲೋಟ ಹಿಡಿದು ಹೊರನಡೆಯುತ್ತಿದ್ದರು. ಒಳಗೆ ಉಳಿಯುತ್ತಿದ್ದವಳು ಲೆಸ್ಯಾ ಒಬ್ಬಳೇ. ಒಬ್ಬರಾದರೂ ಉಳಿದರೆ ತೀರ್ಪು ಕೊಡಬಹುದು ಎಂಬುದು ನಿಯಮ.

ಅವಳು ತೀರ್ಪು ಬರೆಯುತ್ತಿದ್ದಳು, ಚೆನ್ನಾಗಿಯೇ ಬರೆಯುತ್ತಿದ್ದಳು. ಬಾಗಿಲಿನ ಆಚೆ ಹಜಾರದ ಬೆಂಚಿನ ಮೇಲೆ ಮೂವರೂ ಕೂತು ಯಾರ ಚಿಕ್ಕಪ್ಪ ಯಾರ ಮದುವೆಯಲ್ಲಿ ಕುಡಿದು ಬಿದ್ದ ಅನ್ನುವ ಕತೆ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುವುದು ಅವಳಿಗೆ ಕೇಳಿಸುತ್ತಿತ್ತು. ಆಗ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಿಜವಾದ, ಉರಿಯುವ ಹೊಟ್ಟೆಕಿಚ್ಚು. ಐವತ್ತು ದಾಟಿದ ಹೆಂಗಸಿಗೆ ಒಂದು ಬೆಂಚಿನ ಮೇಲೆ ಕೂರುವ ಆಸೆ ಎಂದರೆ ಯಾರ ಮುಂದೆ ಹೇಳಿಕೊಂಡಾಳು ಪಾಪ?

ಅವಳಿಗೆ ಈ ದ್ವೀಪದಲ್ಲಿ ತನ್ನದು ಅಂತ ಇದ್ದದ್ದು ಗುರುವಾರ ಸಂಜೆಯ ಇಸ್ಪೀಟು ಒಂದೇ. ಚರ್ಚಿನ ಹಾಲಿನಲ್ಲಿ, ಜೋಡಿ ಜೋಡಿಯಾಗಿ ಆಡುವ ಆಟ. ಅವಳ ಜೋಡಿ ಲಿಯಾಂಡರ್ ಸ್ಟಕ್ಲೆಸ್ ಎಂಬ ಮುದುಕ. ಜೊತೆಗೆ ಆಡುತ್ತಿದ್ದ ಅವನ ತಮ್ಮ ತೀರಿಕೊಂಡು ಆಟಕ್ಕೆ ಜೋಡಿಯಿಲ್ಲದಾದಾಗ ಅವನು ನೇರ ಇವಳ ಮುಂದೆ ಬಂದು ನಿಂತಿದ್ದ. "ನಿಂಗೆ ಆಟ ಬರಲ್ವಂತೆ, ಹೌದಾ? ಒಳ್ಳೇದಾಯ್ತು, ಕೆಟ್ಟ ಚಾಳಿ ಇರಲ್ಲ, ಬಾ ಕೂತ್ಕೋ" ಎಂದಿದ್ದ. ಅವತ್ತಿನಿಂದ ನಾಲ್ಕು ಚಳಿಗಾಲ ಬೈದು ಬೈದೇ ಆಟ ಕಲಿಸಿದ. ಹಾಗೆ ಬೈಯುವವರು ಅವಳಿಗೆ ಇಲ್ಲಿ ಬೇರೆ ಯಾರೂ ಇರಲಿಲ್ಲ. ಎಲ್ಲರೂ ಮರ್ಯಾದೆ ಕೊಡುತ್ತಿದ್ದರು, ಆ ಮರ್ಯಾದೆಯಿಂದಲೇ ಅವಳು ಬೇಸತ್ತಿದ್ದಳು.

ಲಿಯಾಂಡರನ ಕಸುಬು ಹಲ್ಲುಸೆಟ್ಟು ಮಾಡುವುದು. ಒಂದು ಮಂಗಳವಾರ ಬೆಳಗ್ಗೆ ಮೇಜಿನ ಮೇಲೆ ಬಂದ ಫೈಲು ಅವನದೇ.

ದೂರು ಸುಳ್ಳೇನೂ ಆಗಿರಲಿಲ್ಲ. ಪೇಟೆಗೆ ಬರಲಾಗದ ಮುದುಕ ಮುದುಕಿಯರ ಮನೆಗೆ ಲಿಯಾಂಡರ್ ತನ್ನ ಹಳೇ ವ್ಯಾನು ಓಡಿಸಿಕೊಂಡು ಹೋಗಿ, ಅವರ ಅಡುಗೆಮನೆಯ ಮೇಜಿನ ಮೇಲೇ ಬಾಯಿಯ ಅಚ್ಚು ತೆಗೆಯುತ್ತಿದ್ದ, ಅಲ್ಲೇ ಕೂತು ಹೊಸ ಹಲ್ಲನ್ನು ಅರದಿಂದ ತೀಡಿ ಸರಿಮಾಡಿ ಕೂರಿಸುತ್ತಿದ್ದ. ತಪಾಸಣೆಯಾದ ಜಾಗದಲ್ಲಿ ಬಿಟ್ಟು ಬೇರೆಲ್ಲೂ ಆ ಕೆಲಸ ಮಾಡುವಂತಿಲ್ಲ. ಪೇಟೆಯಲ್ಲಿ ಹೊಸದಾಗಿ ಅಂಗಡಿ ತೆರೆದ ಇನ್ನೊಬ್ಬ ಫೋಟೋ ಸಮೇತ ದೂರು ಕೊಟ್ಟಿದ್ದ.

"ಯಾರಿಗಾದ್ರೂ ನಂಟಿದೆಯೇನ್ರೋ?" ಎಂದು ಕೇಳಿದ ಫಿಲೊಮಿನಾ ತಾನೇ ಮೊದಲು ಶುರುಮಾಡಿದಳು. "ನಂದು ಬರ್ಕೊಳ್ಳಿ. ನಮ್ಮಮ್ಮನ ಬಾಯಲ್ಲಿರೋದು ಅವನು ಮಾಡಿದ ಹಲ್ಲು. ಅವಳು ನನ್ನ ಬೈಯೋದೂ ಅದರಲ್ಲೇ."

"ಅವನ ಹೆಂಡ್ತಿ ನಮ್ಮ ಚಿಕ್ಕಪ್ಪನ ಮಗಳು," ಎಂದ ಸೆಲ್ಬಿ.

"ನಾನು ಅವನನ್ನೇ ಮದುವೆ ಆಗ್ಬೇಕಿತ್ತು ಕಣ್ರೋ," ಎಂದಳು ಡಲ್ಸಿ. "ಉಂಗುರ ಇನ್ನೂ ವಾಪಸ್ ಕೊಟ್ಟಿಲ್ಲ."

"ಅಯ್ಯೋ ನಿನ್ನ! ಮೂವತ್ತು ವರ್ಷ ಆಯ್ತಲ್ಲೇ!" ಎಂದಳು ಫಿಲೊಮಿನಾ.

"ಅವನು ಕೇಳಿಲ್ಲ, ನಾನು ಕೊಟ್ಟಿಲ್ಲ."

ನಗುತ್ತಲೇ ಮೂವರೂ ಎದ್ದರು. ಲೆಸ್ಯಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಡಲ್ಸಿ ಅವಳ ಹೆಗಲು ತಟ್ಟಿ, "ಇಸ್ಪೀಟು ಗಿಸ್ಪೀಟು ನಂಟಲ್ಲ ಬಿಡೇ. ನೀನಿದ್ದೀಯಲ್ಲ, ನಮಗೇನು ಭಯ?" ಎಂದು ಕಣ್ಣು ಮಿಟುಕಿಸಿದಳು. ಫಿಲೊಮಿನಾ ಮಾತ್ರ ಬಾಗಿಲಲ್ಲಿ ಒಂದು ಗಳಿಗೆ ನಿಂತು, "ನಿಂದು ನೀನೇ ಹೇಳ್ಬೇಕು ಲೆಸ್ಯಾ, ನಾನು ಹೇಳೋ ಹಾಗಿಲ್ಲ," ಎಂದು ಹೊರಗೆ ಹೋದಳು.

ಲೆಸ್ಯಾ ಫೈಲು ಬಿಚ್ಚಿದಳು. ಮೊದಲ ಹಾಳೆಯಲ್ಲೇ ಫೋಟೋ: ಅಡುಗೆಮನೆಯ ಮೇಜು, ಅಚ್ಚಿನ ತಟ್ಟೆ, ಅದರ ಪಕ್ಕದಲ್ಲೇ ಅರ್ಧ ಹೆಚ್ಚಿದ ಮೀನು. ಮೀನಿನ ಆಚೆ ಕೂತ ಗರ್ಟಿ, ಊರೆಲ್ಲ ಅತ್ತೆ ಅನ್ನುವ ಮುದುಕಿ, ಹೊಸ ಹಲ್ಲು ಬಿಟ್ಟುಕೊಂಡು ನಗುತ್ತಿದ್ದಳು. ಲೆಸ್ಯಾಳಿಗೂ ನಗು ಬಂತು. ಇನ್ನೊಮ್ಮೆ ಹೀಗೆ ಮಾಡಬೇಡ ಅಂತ ಒಂದು ಎಚ್ಚರಿಕೆ ಬರೆದರೆ ಮುಗಿಯಿತು, ಅಂದುಕೊಂಡಳು. ಎರಡನೇ ಹಾಳೆಯನ್ನು ಅವಳು ಇನ್ನೂ ತಿರುಗಿಸಿಯೇ ಇರಲಿಲ್ಲ.

ಆಗ ಅವಳಿಗೆ ನೆನಪಾಯಿತು. ಹಿಂದಿನ ವರ್ಷ ಇಂಥದೇ ತಪ್ಪಿಗೆ, ಉತ್ತರದ ಕಡೆಯ ಕಿವಿಯಂತ್ರದವನೊಬ್ಬನ ಲೈಸೆನ್ಸನ್ನು ಇಡೀ ಚಳಿಗಾಲ ತಡೆಹಿಡಿದಿದ್ದವಳು ಇವಳೇ. ಅವನೂ ಯಾರದೋ ಮುದುಕಿಯ ಮನೆಗೇ ಹೋಗಿದ್ದ. ಅವನ ಫೋಟೋ ನೋಡಿ ಇವಳಿಗೆ ನಗು ಬಂದಿರಲಿಲ್ಲ.

ಎದ್ದು ಹೋದರೆ? ಒಳಗೆ ಯಾರೂ ಉಳಿಯುವುದಿಲ್ಲ. ಫೈಲು ಸಮುದ್ರ ದಾಟಿ, ಆಚೆಯ ಪ್ರಾಂತ್ಯದ ಮಂಡಳಿಗೆ, ಹ್ಯಾಲಿಫ್ಯಾಕ್ಸಿಗೆ ಹೋಗುತ್ತದೆ. ಲಿಯಾಂಡರ್ ಯಾರು, ಗರ್ಟಿ ಅತ್ತೆ ಯಾರು ಅನ್ನುವುದು ಗೊತ್ತಿಲ್ಲದ ಯಾರೋ ನಿಯಮ ತೆಗೆದು ನೋಡುತ್ತಾರೆ. ಮುದುಕನ ಅನ್ನಕ್ಕೇ ಕಲ್ಲು ಬೀಳಬಹುದು. ಇನ್ನೊಂದು ಅಳುಕು ಅದಕ್ಕಿಂತ ಚಿಕ್ಕದು, ಆದರೆ ಅದೇ ಹೆಚ್ಚು ಚುಚ್ಚುತ್ತಿತ್ತು. 'ನನಗೂ ನಂಟಿದೆ' ಅಂದರೆ ಆಚೆ ಕೂತ ಮೂವರೂ ಮುಖ ಮುಖ ನೋಡಿಕೊಂಡು, ನಿನಗಾ, ಎಂದುಬಿಟ್ಟರೆ? ಕರೆಯದ ಮದುವೆಗೆ ಹೋಗಿ ಪಂಕ್ತಿಯಲ್ಲಿ ಕೂತಹಾಗೆ ಆಗುವುದಿಲ್ಲವೇ?

ಅವಳು ಫೈಲು ಮುಚ್ಚಿದಳು. ಹಾಳಾಗಿ ಹೋಗಲಿ, ಎಂದು ಜೋರಾಗಿಯೇ ಅಂದು, ಬಾಗಿಲು ತೆರೆದಳು.

ಬೆಂಚಿನ ಮೇಲೆ ನಡೆಯುತ್ತಿದ್ದ ಕತೆ ಅರ್ಧಕ್ಕೇ ನಿಂತಿತು.

"ನನಗೂ ನಂಟಿದೆ," ಎಂದಳು ಲೆಸ್ಯಾ. "ಅವನು ನನ್ನ ಸ್ನೇಹಿತ. ಇಲ್ಲಿ ನನಗಿರೋ ಒಬ್ಬನೇ ಸ್ನೇಹಿತ ಅಂದ್ಕೊಳ್ಳಿ."

ಡಲ್ಸಿ ಧಡಕ್ಕನೆ ಎದ್ದುನಿಂತಳು. "ಏನು ಮಾಡಿಬಿಟ್ಟೆ ಮಾರಾಯ್ತಿ! ಒಳಗೆ ಯಾರಿದ್ದಾರೀಗ? ಅವನನ್ನ ಯಾರ ಕೈಗೆ ಕೊಟ್ಟೆ ನೀನು?"

"ನಿಯಮದ ಪ್ರಕಾರ ಸರಿ..." ಎಂದು ಸೆಲ್ಬಿ ಶುರುಮಾಡಿದ.

"ನಿನ್ನ ನಿಯಮಕ್ಕಿಷ್ಟು ಬೆಂಕಿ ಹಾಕ!" ಎಂದಳು ಡಲ್ಸಿ.

ಫಿಲೊಮಿನಾ ಲೆಸ್ಯಾಳನ್ನೇ ನೋಡುತ್ತಿದ್ದಳು. ಆಮೇಲೆ ಅವಳಿಗೆ ನಗು ಉಕ್ಕಿತು. ಕೆಳಗಿನ ಅಂಗಡಿಯವರಿಗೆ ಕೇಳಿಸುವ ನಗು. "ಒಬ್ಬನೇ ಅಂತೀಯಲ್ಲೇ, ಕೊಬ್ಬಿನವಳೇ! ನಾವೇನು ಇಲ್ಲಿ ಬಂದಿಳಿದ ಹಡಗಿನ ಸಾಮಾನಾ? ಸೆಲ್ಬಿ, ಆ ಕಡೆ ಸರಿಯೋ. ಕೂತ್ಕೊಳ್ಳಲಿ ಅವಳು."

ಬೆಂಚು ಮೂವರ ಅಳತೆಯದು. ನಾಲ್ವರು ಕೂತಾಗ ಸೆಲ್ಬಿಯ ಅರ್ಧ ಭಾಗ ಗಾಳಿಯಲ್ಲಿತ್ತು. ಡಲ್ಸಿ ಮಾತ್ರ ಆ ದಿನವೆಲ್ಲ ಮುಖ ಊದಿಸಿಕೊಂಡೇ ಇದ್ದಳು.

ಗುರುವಾರದ ಹೊತ್ತಿಗೆ ಲಿಯಾಂಡರನಿಗೆ ಸುದ್ದಿ ಮುಟ್ಟಿತ್ತು. ಮುಟ್ಟದೆ ಇರುತ್ತದೆಯೇ? ನಾಲ್ವರೂ ಎದ್ದು ಹೋದರೆಂದೂ, ಫೈಲು ಹ್ಯಾಲಿಫ್ಯಾಕ್ಸಿಗೆ ಹೋಗುತ್ತದೆಂದೂ ಮಂಡಳಿಯೇ ಅವನಿಗೆ ತಿಳಿಸಿತ್ತು. ಉಳಿದದ್ದನ್ನು ಊರು ತಿಳಿಸಿತ್ತು. ಲೆಸ್ಯಾ ಹಾಲಿನೊಳಗೆ ಕಾಲಿಟ್ಟಾಗ ಅವನು ಬೇರೊಂದು ಮೇಜಿನಲ್ಲಿ, ಮೀನಂಗಡಿಯ ನೀನಾ ಎದುರಿಗೆ ಕೂತು ಎಲೆ ಹಂಚುತ್ತಿದ್ದ. ತಲೆ ಎತ್ತಲಿಲ್ಲ. ಲೆಸ್ಯಾ ಕೋಟು ಬಿಚ್ಚದೆಯೇ ಮನೆಗೆ ವಾಪಸು ಹೋದಳು. ಅವತ್ತು ಅವಳು ಅತ್ತಳು, ಅದನ್ನೇನು ಮುಚ್ಚಿಡುವುದು. ನಂಟು ಅಂತ ಬಾಯಿಬಿಟ್ಟು ಹೇಳಿದ ವಾರವೇ ನಂಟು ಕೈಬಿಟ್ಟು ಹೋಗಿತ್ತು.

ಹ್ಯಾಲಿಫ್ಯಾಕ್ಸಿನಿಂದ ಬಂದ ಹೆಂಗಸು ಕಡ್ಡಿ ಮುರಿದಂತೆ ಮಾತಾಡುವವಳು. ಲಿಯಾಂಡರ್ ಕಾಯಿಸಿ ಕೊಟ್ಟ ಚಹಾವನ್ನೂ ಮುಟ್ಟಲಿಲ್ಲವಂತೆ. ಆದರೆ ನೇರ ಹೋಗಿ ಅವನ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, "ನಡೀರಿ, ನಿಮ್ಮ ಮುದುಕಿಯರನ್ನ ತೋರಿಸಿ," ಅಂದಳಂತೆ. ಗರ್ಟಿ ಅತ್ತೆ ಅವಳ ಮುಂದೆಯೇ ಸೇಬು ಕಚ್ಚಿ ತೋರಿಸಿದಳಂತೆ. ತೀರ್ಪು ಬಂತು: ಅಡುಗೆಮನೆಯ ಕೆಲಸ ಬಂದ್. ವ್ಯಾನಿನೊಳಗೇ ನೀರು, ಬಿಸಿಯಲ್ಲಿ ತೊಳೆಯುವ ಯಂತ್ರ, ಕುರ್ಚಿ ಎಲ್ಲ ಕೂರಿಸಿ ತಪಾಸಣೆ ಮಾಡಿಸಿದರೆ ಮನೆ ಮನೆಗೂ ಹೋಗಬಹುದು. ಅಲ್ಲಿಯವರೆಗೆ ಕೆಲಸ ನಿಲ್ಲಿಸಬೇಕು. ಜೊತೆಗೆ, ಮಂಡಳಿಯ ಹಳೇ ತೀರ್ಪುಗಳನ್ನೂ ಓದಿದ್ದ ಅವಳು, ಉತ್ತರದ ಕಡೆಯ ಕಿವಿಯಂತ್ರದವನಿಗೂ ಇದೇ ದಾರಿ ತೋರಿಸಿ ಎಂದು ಮಂಡಳಿಗೆ ಒಂದು ಸಾಲು ಬರೆದಿದ್ದಳು. ಆ ಸಾಲನ್ನು ಲೆಸ್ಯಾ ಎರಡು ಸಲ ಓದಿದಳು. ಅದು ಅವಳಿಗೇ ಹೊಳೆಯಬೇಕಿತ್ತು. ಮಧ್ಯಾಹ್ನವೇ ಫೋನ್ ಎತ್ತಿ ಆ ಮನುಷ್ಯನಿಗೆ ವಿಷಯ ತಿಳಿಸಿದಳು.

ಅದಾದ ಭಾನುವಾರ ಮಧ್ಯಾಹ್ನ ಅವಳ ಮನೆಯ ಬಾಗಿಲು ತಟ್ಟದೆಯೇ ಯಾರೋ ಒಳಗೆ ಬಂದರು. ನಮ್ಮಲ್ಲಿ ಬಾಗಿಲು ತಟ್ಟುವವರು ಪೊಲೀಸರು ಮಾತ್ರ. ಆದರೆ ಒಂಬತ್ತು ವರ್ಷದಲ್ಲಿ ಲೆಸ್ಯಾಳ ಬಾಗಿಲನ್ನು ತಟ್ಟದೆ ಬಂದವರು ಯಾರೂ ಇರಲಿಲ್ಲ. ನೋಡಿದರೆ ಲಿಯಾಂಡರ್, ಟೋಪಿ ಕೂಡ ತೆಗೆಯದೆ ಮೇಜಿನ ಮುಂದೆ ಕೂತಿದ್ದ. ಅವಳು ತಾನು ಅನ್ನ ತುಂಬಿ ಮಾಡಿಟ್ಟಿದ್ದ ಎಲೆಕೋಸಿನ ಸುರುಳಿಗಳನ್ನು ತಟ್ಟೆಗೆ ಹಾಕಿ ಅವನ ಮುಂದಿಟ್ಟಳು. ಅವನು ಎರಡು ತಿಂದ.

"ಒಂದು ಕೇಳ್ತೀನಿ, ನಿಜ ಹೇಳು," ಎಂದ. "ನೀನು ಒಳಗೇ ಕೂತಿದ್ರೆ ನನ್ನ ಪರವಾಗಿ ಬರೀತಿದ್ದೆ ತಾನೇ?"

"ಬರೀತಿದ್ದೆ."

"ಓದದೇನೇ?"

"ಓದೋಕೆ ಮುಂಚೇನೇ ಬರ್ದಾಗಿತ್ತು, ತಲೇಲಿ. ಅದಕ್ಕೇ ಎದ್ದೆ."

ಲಿಯಾಂಡರ್ ಇನ್ನೊಂದು ಸುರುಳಿಗೆ ಕೈಹಾಕಿದವನು ಅದನ್ನು ಅಲ್ಲೇ ಬಿಟ್ಟ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಆ ನೀನಾ ಇದ್ದಾಳಲ್ಲ," ಎಂದ ಕೊನೆಗೆ, ಮೂಗು ಒರೆಸಿಕೊಳ್ಳುತ್ತಾ, "ದರಿದ್ರದವಳು, ಎಲ್ಲಕ್ಕಿಂತ ದೊಡ್ಡ ಎಲೆ, ತುರುಪಿನ ಐದನ್ನೇ ಕೈಯಲ್ಲಿ ಇಟ್ಕೊಂಡು ನಿದ್ದೆ ಮಾಡ್ತಾಳೆ. ಗುರುವಾರ ಸ್ವಲ್ಪ ಬೇಗ ಬಾ. ಇಷ್ಟು ವಾರದಲ್ಲಿ ನೀನು ಎಲ್ಲಾ ಮರೆತಿರ್ತೀಯ, ಮತ್ತೆ ಮೊದಲಿಂದ ಬೈಬೇಕು."